ಮಂಜೊಟ್ಟಿ ಲೆಕ್ಕ

ಹಳೆಯ ನಿಯಮದ ಪುಟವನ್ನು ನಾನೇ ಹರಿದೆ.
ಸೀತಾಂಗೋಳಿಯಾಚೆ, ಕಲ್ಲು ತೆಗೆದು ಬಿಟ್ಟ ಕೋರೆಯೊಳಗೆ
ಆದಿತ್ಯವಾರದ ಮೂರು ಗಂಟೆಯ ಬಿಸಿಲು.
ಬೆಡ್‌ಶೀಟು ಹೊದ್ದು ರಾಜರಾದವರು,
ಸ್ಪಂಜು ಸುತ್ತಿದ ಪೈಪು ಹಿಡಿದು ದಂಡನಾಯಕರಾದವರು
ಗರಗಸದ ಗೆರೆ ಬಿದ್ದ ಕೆಂಪು ಗೋಡೆಗೆ ಒರಗಿ
ನನ್ನ ಕೈಯ ಚೀಲವನ್ನೇ ನೋಡುತ್ತಿದ್ದರು.

ಚೀಲದಲ್ಲಿ ಮಂಜೊಟ್ಟಿ. ಅರ್ಧ
ಅಜ್ಜಿಯ ಚೆನ್ನೆಮಣೆಯಿಂದ ಕದ್ದದ್ದು,
ಉಳಿದದ್ದು ಶಾಲೆಯ ಹಿಂದೆ ಮರದಡಿ ಹೆಕ್ಕಿದ್ದು.
ಒಂದು ದಿನ ಆಡಿದರೆ ಒಂದು ಬೀಜ.
ಮೂರಕ್ಕೆ ಬೀಗ ತೆಗೆಯುವ ವಿದ್ಯೆ,
ಐದಕ್ಕೆ ಗಾಯ ಮಾಯಿಸುವುದು,
ಎಂಟಕ್ಕೆ ಮಾತು: ನೀನು ಹೇಳಿದ್ದನ್ನು ಎದುರಿನವರು ಒಪ್ಪಲೇಬೇಕು.
ಬರೆಯುವಾಗ ಎಲ್ಲ ಸಸಾರ.

ಎರಡು ವರ್ಷಕ್ಕೆ ಮುನವ್ವರನ ಹತ್ತಿರ ಎಪ್ಪತ್ತೊಂದು.
ಅಪ್ಪನ ಅಂಗಡಿ, ವಾರಕ್ಕೊಂದು ರಜೆ,
ಮನೆ ಕೋರೆಯ ಬಾಯಿಯಲ್ಲೇ.
ಅವನನ್ನು ಕೊಲ್ಲಲಾಗದು, ಕಟ್ಟಲಾಗದು, ಯಾಮಾರಿಸಲಾಗದು.
ಕೊನೆಗೆ, ಪಾಪ, ಅವನೊಡನೆ ಆಡುವವರೇ ಇಲ್ಲ.
ಜೆಸಿಂತಳ ಹತ್ತಿರ ಒಂಬತ್ತು.
ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ,
ತಿಂಗಳಿಗೊಮ್ಮೆ ಕುಂಬಳೆಯಲ್ಲಿ ಲೋಕಲ್ ಇಳಿದು
ಕೆಂಪು ಕಣ್ಣುಜ್ಜುತ್ತ ಕೇಳುವಳು,
"ನನ್ನ ಕಳ್ಳಿ ಇನ್ನೂ ಬದುಕಿದ್ದಾಳಾ?"

ಒಮ್ಮೆ ಆಟದ ಗಾಯಕ್ಕೆ ಮುನವ್ವರ್ ಬಟ್ಟೆ ಕಟ್ಟಿದ,
ಅಡ್ಡಾದಿಡ್ಡಿ, ಗಾಯ ಬಿಟ್ಟು ಗೇಣು ಕೆಳಗೆ.
ದಿನಕ್ಕೆ ನಲವತ್ತು ಗಾಯ ಕಾಣುವ ಕೈಗಳನ್ನು
ಬೆನ್ನ ಹಿಂದೆ ಹಿಡಿದು ನಿಂತಳು ಜೆಸಿಂತ.
"ಈ ರಾಜ್ಯದಲ್ಲಿ ನನಗದು ಬರುವುದಿಲ್ಲ," ಎಂದಳು.
ಆ ಸುಮ್ಮನಿರುವಿಕೆಗೆ
ನನ್ನ ಪುಸ್ತಕದಲ್ಲಿ ಬೀಜವಿರಲಿಲ್ಲ.

ನಾನು ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವವಳು.
ಅಮ್ಮನ ಬೆರಳಿಗೆ ಮೂವತ್ತು ವರ್ಷದ ಪಳಗು,
ಕಣ್ಣು ಮುಚ್ಚಿಯೂ ಎಲೆಯ ಅಳತೆ ತಪ್ಪದು.
ನಿನ್ನೆ ಸೇರಿದ ಹುಡುಗಿಗೂ ಅಮ್ಮನಿಗೂ
ಸಾವಿರಕ್ಕೆ ಒಂದೇ ಮಜೂರಿ.
ಅದನ್ನು ಬರೆಯುವ ಪೆನ್ನೂ ನನ್ನದೇ.

ಇನ್ನು ಮಾಲಿಂಗ. ಅವನು ಎಂಟು ಕೂಡಿಟ್ಟದ್ದು ಮಾತಿಗೆ.
ತನ್ನ ಹೆಸರಿನ ಮೊದಲಕ್ಷರ ಹೊರಡಲು
ಒಂದು ಬಸ್ಸು ಹೋಗಿ ಇನ್ನೊಂದು ಬರಬೇಕು ಅವನಿಗೆ.
ಎರಡು ಸೇನೆಗಳ ನಡುವೆ ಬಂದು, ಬೀಜ ಎಣಿಸಿ ಕೊಟ್ಟು,
ಬಾಯಿ ತೆರೆದ. ತುಟಿ ಅಲ್ಲೇ ಸಿಕ್ಕಿಕೊಂಡಿತು.
ನಗುವಂತಿಲ್ಲ; ತೆತ್ತಿದ್ದಾನೆ.
ಇಪ್ಪತ್ತೆರಡು ಮಂದಿ ಕತ್ತಿ ಇಳಿಸಿ ಕಾದೆವು.
ಕೋರೆಯ ತಳದ ನೀರಲ್ಲಿ ಕಪ್ಪೆಯೊಂದು ಹಾರಿತು.
ಕುತ್ತಿಗೆಯ ನರ ಉಬ್ಬಿ, ಕಣ್ಣು ಬಿಗಿದು, ಕೊನೆಗೆ
"ಮ... ಮನೆಗೆ ಹೋಗುವ."
ಹೋದೆವು. ಯುದ್ಧ ಅಲ್ಲಿಗೆ ಮುಗಿಯಿತು.
ನಿಯಮವಿತ್ತೆಂದು ಒಪ್ಪಿದೆವೋ
ಅವನ ಮಾತಿಗೇ ಒಪ್ಪಿದೆವೋ, ಈಗಲೂ ಗೊತ್ತಿಲ್ಲ.

ಹಾಗೆ ಹರಿದದ್ದು ಪುಟ.
ಮುನವ್ವರ್ ಎದ್ದು ನಿಂತ: "ನೋಂಬು ಹಿಡಿದೂ ಬಂದಿದ್ದೇನೆ,
ಜ್ವರದಲ್ಲೂ. ನನ್ನ ಎಪ್ಪತ್ತೊಂದು ಸುಳ್ಳಾ?"
ಅದೂ ನ್ಯಾಯವೇ. ಉತ್ತರಕ್ಕೆ ತಡಕಾಡಿದೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ, ಪೆನ್ಸಿಲಿನಲ್ಲಿ:
ಮೊದಲ ಹತ್ತು ಬೀಜ ಬೇಗ, ಆಮೇಲಿನದು ತಡವಾಗಿ.
ಬಾರದವರ ಕತೆಯನ್ನು ಬಂದವರು ಕಾಯ್ದಿಟ್ಟರೆ
ಇಬ್ಬರಿಗೂ ಒಂದೊಂದು.
ದೊಡ್ಡ ವಿದ್ಯೆ ಬೀಜಕ್ಕೆ ಸಿಗದು, ಬಲ್ಲವರೇ ಕಲಿಸಬೇಕು,
ಕಲಿತವರು ಬಳಸಿದ ದಿನ ಕಲಿಸಿದವರ ಚೀಲಕ್ಕೂ ಬೀಳಬೇಕು.

ಮುನವ್ವರ್ ಒಪ್ಪಲಿಲ್ಲ. ಆದರೂ ಚಹಾ ಹೊತ್ತಿಗೆ
ಜೆಸಿಂತಳಿಗೆ ಪಿನ್ನಿನಲ್ಲಿ ಬೀಗ ತೆಗೆಯಲು ತೋರಿಸುತ್ತಿದ್ದ;
ಅವಳು ಅವನದೇ ಮೊಣಕೈಗೆ ಶಾಲು ಸುತ್ತಿ
"ಇಷ್ಟು ಬಿಗಿ, ಇದಕ್ಕಿಂತ ಬೇಡ," ಎನ್ನುತ್ತಿದ್ದಳು.
ಅದು ಆಟದ ಹೊರಗೋ ಒಳಗೋ
ನಾನು ಬರೆದುಕೊಳ್ಳಲಿಲ್ಲ.

ರಾತ್ರಿ ಎಣಿಸಿದೆ. ಎಂಟು ಕಡಿಮೆ.
ಆ ದಿನ ಮಾಲಿಂಗ ಕೊಟ್ಟದ್ದನ್ನು ಇಸಕೊಂಡವರು ಯಾರೋ
ಚೀಲಕ್ಕೆ ಹಾಕಿಲ್ಲ.
ಅಜ್ಜಿ ಚೆನ್ನೆಮಣೆಯ ಖಾಲಿ ಗುಳಿ ತೋರಿಸಿ
ಗೊಣಗುತ್ತಿದ್ದಾಳೆ.